ನ್ಯುಮೋನಿಯಾ ರಿಪೋರ್ಟ್‌ನಲ್ಲಿ ಸಿಆರ್‌ಪಿ ಇಳಿದಿದೆ, ಫೆರಿಟಿನ್ ಇಳಿದಿಲ್ಲ. ಯಾವುದನ್ನು ನಂಬೋದು?

ತೋಟದಮನೆ_ಸೋಮವಾರಪೇಟೆ

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಮ್ಮನಿಗೆ ಇನ್‌ಫ್ಲುಯೆಂಜಾ ಬಂದು ನ್ಯುಮೋನಿಯಾಗೆ ತಿರುಗಿದೆ. ವಯಸ್ಸು 61, ಶುಗರ್ ಇದೆ. ಇಲ್ಲಿ ಮೊದಲು ತೋರಿಸಿದೆವು, ಉಸಿರು ಕಟ್ಟಿದ ಹಾಗಾಗುತ್ತಿದೆ ಅಂದಾಗ ಮೈಸೂರಿಗೆ ಕರೆದುಕೊಂಡು ಹೋದರು. ಈಗ ವಾರ್ಡಿನಲ್ಲಿದ್ದಾರೆ. ದಿನಾ ಸಂಜೆ ಅಣ್ಣ ರಿಪೋರ್ಟಿನ ಫೋಟೋ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕುತ್ತಾನೆ, ಹಾಕಿದ ಕೂಡಲೇ ವಾದ ಶುರು.

ಸೇರಿಸಿದ ದಿನ ಉರಿಯೂತ ತೋರಿಸುವ ಸಿಆರ್‌ಪಿ 142 ಇತ್ತು, ಆಮೇಲೆ 96, ಇವತ್ತು 58. ಫೆರಿಟಿನ್ 1,380 ಇದ್ದದ್ದು 1,310 ಆಗಿದೆ ಅಷ್ಟೇ. ಡಿ-ಡೈಮರ್ 0.9, ಎಲ್‌ಡಿಹೆಚ್ 540, ಪ್ರೊಕ್ಯಾಲ್ಸಿಟೋನಿನ್ 0.12. ಒಟ್ಟು ಬಿಳಿ ರಕ್ತಕಣ 5,800, ಅದರಲ್ಲಿ ಲಿಂಫೋಸೈಟ್ ಶೇಕಡಾ 9. ಚಿಕ್ಕಪ್ಪ ಹೇಳುವುದು "ಸಿಆರ್‌ಪಿ ಅರ್ಧಕ್ಕಿಂತ ಕಮ್ಮಿ ಆಯ್ತಲ್ಲ, ಮನೆಗೆ ಕರ್ಕೊಂಡು ಬನ್ನಿ" ಅಂತ. ಅತ್ತೆಯ ಮಗ ಗೂಗಲ್ ನೋಡಿ "ಫೆರಿಟಿನ್ ಸಾವಿರ ದಾಟಿದ್ರೆ ಸೈಟೋಕೈನ್ ಸ್ಟಾರ್ಮ್, ತಕ್ಷಣ ಐಸಿಯುಗೆ ಹಾಕಿಸಿ" ಅಂತ ಹೆದರಿಸುತ್ತಿದ್ದಾನೆ. ಸೈಟೋಕೈನ್ ಸ್ಟಾರ್ಮ್ ಅಂದರೆ ಮೈಯ ರೋಗನಿರೋಧಕ ಶಕ್ತಿ ಹತೋಟಿ ತಪ್ಪುವುದಂತೆ. ಡಾಕ್ಟರ್ ರೌಂಡ್ಸಿಗೆ ಬಂದಾಗ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಅವರಿಗೂ ರೋಗಿಗಳು ತುಂಬಾ. ಈ ನಂಬರ್‌ಗಳು ನಿಜವಾಗಿ ಏನು ಹೇಳುತ್ತವೆ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಲ್ಯಾಬ್_ಮಡಿಕೇರಿ

ನಾನು ಲ್ಯಾಬ್ ಟೆಕ್ನಿಷಿಯನ್, ಡಾಕ್ಟರ್ ಅಲ್ಲ. ಚಿಕಿತ್ಸೆ ಬಗ್ಗೆ ಮಾತಾಡುವುದಿಲ್ಲ. ನಂಬರ್ ಹುಟ್ಟುವ ಜಾಗದ ಬಗ್ಗೆ ಹೇಳುತ್ತೇನೆ.

ಮೊದಲು ಯೂನಿಟ್ ನೋಡಿ. ಸಿಆರ್‌ಪಿಯನ್ನು ಕೆಲವು ಲ್ಯಾಬ್ ಲೀಟರಿಗೆ ಮಿಲಿಗ್ರಾಂ ಅಂತ ಬರೆಯುತ್ತವೆ, ಕೆಲವು ಡೆಸಿಲೀಟರಿಗೆ ಮಿಲಿಗ್ರಾಂ ಅಂತ. ಎರಡಕ್ಕೂ ಹತ್ತು ಪಟ್ಟು ವ್ಯತ್ಯಾಸ. ಒಂದು ಕಡೆ 8.4 ಅಂತ ಬಂದದ್ದು ಇನ್ನೊಂದು ಕಡೆ 84. ಇಲ್ಲಿಯ ಲ್ಯಾಬಿನ ರಿಪೋರ್ಟನ್ನೂ ಮೈಸೂರಿನ ರಿಪೋರ್ಟನ್ನೂ ಪಕ್ಕಪಕ್ಕ ಇಟ್ಟು "ಒಂದೇ ರಾತ್ರಿಯಲ್ಲಿ ಹತ್ತು ಪಟ್ಟು ಏರಿಬಿಟ್ಟಿದೆ" ಅಂತ ಗಾಬರಿಯಾಗಿ ಕೌಂಟರಿಗೆ ಬರುವವರು ಇದ್ದಾರೆ. ಡಿ-ಡೈಮರ್ ಇನ್ನೂ ಗೊಂದಲದ್ದು. 0.9 ಮೈಕ್ರೋಗ್ರಾಂ ಅಂದರೂ 900 ನ್ಯಾನೋಗ್ರಾಂ ಅಂದರೂ ಒಂದೇ. ಅದರ ಜೊತೆಗೆ ಎಫ್‌ಇಯು, ಡಿಡಿಯು ಅಂತ ಎರಡು ಲೆಕ್ಕ ಇವೆ. ಎಫ್‌ಇಯು ಲೆಕ್ಕದಲ್ಲಿ ಬಂದ ಸಂಖ್ಯೆ ಡಿಡಿಯು ಲೆಕ್ಕದ್ದಕ್ಕಿಂತ ಸುಮಾರು ಎರಡು ಪಟ್ಟು. ರಿಪೋರ್ಟಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಫೋಟೋ ತೆಗೆಯುವಾಗ ಅದೇ ಕತ್ತರಿಸಿ ಹೋಗಿರುತ್ತದೆ.

ಆಮೇಲೆ ಟ್ಯೂಬ್. ಡಿ-ಡೈಮರ್‌ಗೆ ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬ್. ಅದರಲ್ಲಿ ಒಂದು ಭಾಗ ಸಿಟ್ರೇಟ್‌ಗೆ ಒಂಬತ್ತು ಭಾಗ ರಕ್ತ ಇರಬೇಕು, ಗೆರೆವರೆಗೆ ತುಂಬಲೇಬೇಕು. ನರ ಸಿಗದ ರೋಗಿಗಳಲ್ಲಿ ಅರ್ಧ ತುಂಬಿಸಿ ಕಳಿಸಿದರೆ ನಾವು ವಾಪಸ್ ಕಳಿಸುತ್ತೇವೆ. ಮನೆಯವರು ಬೈಯುತ್ತಾರೆ, ಮತ್ತೆ ಚುಚ್ಚಬೇಕಾಗುತ್ತದೆ, ಆದರೆ ಬೇರೆ ದಾರಿ ಇಲ್ಲ.

ಎಲ್‌ಡಿಹೆಚ್ ಅನ್ನುವುದು ಜೀವಕೋಶ ಹಾಳಾದಾಗ ರಕ್ತಕ್ಕೆ ಬರುವ ಕಿಣ್ವ, ಕೆಂಪು ರಕ್ತಕಣದ ಒಳಗೂ ತುಂಬಾ ಇರುತ್ತದೆ. ಸಿರಿಂಜಿನಲ್ಲಿ ಜೋರಾಗಿ ಎಳೆದರೆ, ಇಲ್ಲಾ ಸ್ಯಾಂಪಲ್ ಹೊತ್ತಿಗೆ ಸರಿಯಾಗಿ ಬೇರ್ಪಡಿಸದೆ ಹಾಗೇ ಘಾಟಿ ರಸ್ತೆಯಲ್ಲಿ ಕುಲುಕಿಕೊಂಡು ಹೋದರೆ ಕಣ ಒಡೆದು ಎಲ್‌ಡಿಹೆಚ್ ಸುಮ್ನೆ ಏರಿದ ಹಾಗೆ ಕಾಣುತ್ತದೆ. ಟ್ಯೂಬನ್ನು ಯಂತ್ರದಲ್ಲಿ ತಿರುಗಿಸಿದ ಮೇಲೆ ಮೇಲ್ಗಡೆಯ ದ್ರವ ತಿಳಿ ಹಳದಿ ಇರಬೇಕು. ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಆ ಸಂಖ್ಯೆಗೆ ಬೆಲೆ ಇಲ್ಲ. ರಿಪೋರ್ಟಿನಲ್ಲಿ "ಹೀಮೊಲೈಸ್ಡ್" ಅಂತ ಬರೆದಿದೆಯಾ ನೋಡಿಕೊಳ್ಳಿ.

ಲಿಂಫೋಸೈಟ್ ಶೇಕಡಾ ನೋಡಿ ಬಿಡಬೇಡಿ, ಗುಣಿಸಿ. 5,800ರಲ್ಲಿ ಶೇಕಡಾ 9 ಅಂದರೆ 522. ದೊಡ್ಡವರಲ್ಲಿ ಸಾಮಾನ್ಯವಾಗಿ 1,000ಕ್ಕಿಂತ ಜಾಸ್ತಿ ಇರಬೇಕು. ಇದು ಕಡಿಮೆಯೇ.

ನಾಪೋಕ್ಲು_ಓದುಗ

ಯೂನಿಟ್ ವಿಷಯ ಗೊತ್ತೇ ಇರಲಿಲ್ಲ. ಅಪ್ಪನ ಹಳೆಯ ರಿಪೋರ್ಟ್ ತೆಗೆದು ನೋಡಿದೆ, ನಿಜಕ್ಕೂ ಎರಡು ಲ್ಯಾಬಿನವು ಬೇರೆಬೇರೆ ಯೂನಿಟ್‌ನಲ್ಲಿವೆ. ಥ್ಯಾಂಕ್ಸ್ ಮೇಡಂ.

ನರ್ಸ್_ವಿರಾಜಪೇಟೆ

ಸೋಮವಾರಪೇಟೆಯವರೇ, ಇಷ್ಟು ನಂಬರ್ ಬರೆದಿದ್ದೀರಿ, ಉಸಿರಿನ ನಂಬರ್ ಒಂದೂ ಇಲ್ಲ. ಆಕ್ಸಿಜನ್ ಎಷ್ಟು ಲೀಟರ್ ಹೋಗುತ್ತಿದೆ? ಮೊನ್ನೆ ಎಷ್ಟಿತ್ತು? ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತಿದ್ದಾರೆ? ಒಂದು ವಾಕ್ಯ ಪೂರ್ತಿ ಮಾತಾಡುತ್ತಾರಾ, ಮಧ್ಯೆ ನಿಲ್ಲಿಸುತ್ತಾರಾ? ನಾನು ಮೊದಲು ಕೇಳುವುದು ಇದನ್ನೇ.

ತೋಟದಮನೆ_ಸೋಮವಾರಪೇಟೆ

ಅಣ್ಣನಿಗೆ ಫೋನ್ ಮಾಡಿ ಕೇಳಿದೆ ಅಕ್ಕ. ಸೇರಿಸಿದಾಗ 8 ಲೀಟರ್ ಮಾಸ್ಕ್, ಈಗ ಮೂಗಿನ ನಳಿಕೆಯಲ್ಲಿ 3 ಲೀಟರ್. ಸ್ಯಾಚುರೇಶನ್ 94. ಉಸಿರು ನಿಮಿಷಕ್ಕೆ 24 ಅಂತ ನರ್ಸ್ ಹೇಳಿದರಂತೆ, ಮೊದಲು 32 ಇತ್ತಂತೆ. ಮಾತಾಡುತ್ತಾರೆ, ಬಾತ್‌ರೂಮಿಗೆ ಹೋಗಿ ಬಂದರೆ ಏದುಸಿರು.

ಫಿಸಿಶಿಯನ್_ಕುಶಾಲನಗರ

ನರ್ಸ್ ಮೇಡಂ ಕೇಳಿದ ಪ್ರಶ್ನೆಯೇ ಅರ್ಧ ಉತ್ತರ. ನಾನು ರೋಗಿಯನ್ನು ನೋಡಿಲ್ಲ, ಅಲ್ಲಿಯ ಡಾಕ್ಟರ್ ಹೇಳುವುದೇ ಕೊನೆಯ ಮಾತು. ಆದರೆ 8 ಲೀಟರಿನಿಂದ 3ಕ್ಕೆ ಇಳಿದಿರುವುದು ಸಿಆರ್‌ಪಿ ಇಳಿದದ್ದಕ್ಕಿಂತ ದೊಡ್ಡ ಸುದ್ದಿ. 3 ಲೀಟರ್ ಇನ್ನೂ ಬೇಕಾಗುತ್ತಿದೆ ಅನ್ನುವುದು ಮನೆಗೆ ಕರೆದುಕೊಂಡು ಬರಬಾರದು ಅನ್ನುವುದಕ್ಕೆ ಕಾರಣ. ಇಬ್ಬರ ವಾದಕ್ಕೂ ಇಲ್ಲೇ ಉತ್ತರ ಇದೆ.

ಈಗ ಆ ಪರೀಕ್ಷೆಗಳ ವಿಷಯ. ಇವು ಯಾವುದೂ ವೈರಸ್ಸನ್ನು ಅಳೆಯುವುದಿಲ್ಲ. ವೈರಸ್ಸಿಗೆ ಮೈ ಕೊಡುತ್ತಿರುವ ಉತ್ತರವನ್ನು ಅಳೆಯುತ್ತವೆ. ಆ ಉತ್ತರ ಒಂದೇ ಸಲಕ್ಕೆ ಬರುವುದಿಲ್ಲ, ಹಂತ ಹಂತವಾಗಿ ಬರುತ್ತದೆ. ಒಂದೊಂದು ಪರೀಕ್ಷೆ ಒಂದೊಂದು ಹಂತವನ್ನು ತೋರಿಸುತ್ತದೆ, ಹಾಗಾಗಿ ಎಲ್ಲವೂ ಒಟ್ಟಿಗೆ ಏರಬೇಕು, ಒಟ್ಟಿಗೆ ಇಳಿಯಬೇಕು ಅಂತಿಲ್ಲ.

ವೈರಸ್ ಶ್ವಾಸಕೋಶದ ಜೀವಕೋಶಕ್ಕೆ ನುಗ್ಗಿದಾಗ ಆ ಕೋಶ ಮೊದಲು ಇಂಟರ್‌ಫೆರಾನ್ ಬಿಡುತ್ತದೆ, ಅಕ್ಕಪಕ್ಕದ ಕೋಶಗಳು ಎಚ್ಚರವಾಗುತ್ತವೆ. 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಇದನ್ನು ಕಂಡುಹಿಡಿದದ್ದೂ ಇನ್‌ಫ್ಲುಯೆಂಜಾ ವೈರಸ್ ಮೇಲೆ ಕೆಲಸ ಮಾಡುವಾಗಲೇ. ಈ ಮೊದಲ ಹಂತ ಬೇಗ, ಬಲವಾಗಿ ನಡೆದರೆ ಬಹಳ ಜನರಿಗೆ ನೆಗಡಿ ಜ್ವರದಲ್ಲೇ ಮುಗಿದುಹೋಗುತ್ತದೆ. ತಡವಾದರೆ ವೈರಸ್ ಬೆಳೆಯುತ್ತದೆ, ಆಮೇಲೆ ರೋಗಾಣುಗಳನ್ನು ನುಂಗುವ ಮ್ಯಾಕ್ರೋಫೇಜ್ ಅನ್ನುವ ಕೋಶಗಳು ಜೋರಾಗಿ ಕೆಲಸಕ್ಕೆ ಇಳಿಯುತ್ತವೆ, ಐಎಲ್-6 ಥರದ ಸಂದೇಶಗಳನ್ನು ರಕ್ತಕ್ಕೆ ಬಿಡುತ್ತವೆ. ಐಎಲ್-6 ಲಿವರ್‌ಗೆ ತಲುಪಿದಾಗ ಲಿವರ್ ಸಿಆರ್‌ಪಿ ತಯಾರಿಸುತ್ತದೆ. ಅಂದರೆ ಸಿಆರ್‌ಪಿ ಬರುವುದು ಶ್ವಾಸಕೋಶದಿಂದ ಅಲ್ಲ. ಲಿವರ್ ತೀರಾ ಹಾಳಾಗಿರುವವರಲ್ಲಿ ಎಷ್ಟು ದೊಡ್ಡ ಸೋಂಕಿದ್ದರೂ ಅದು ಏರಬೇಕಾದಷ್ಟು ಏರದೇ ಇರಬಹುದು.

ಸಿಆರ್‌ಪಿ ಸುಮಾರು 6ರಿಂದ 8 ಗಂಟೆಯಲ್ಲಿ ಏರಲು ಶುರುವಾಗುತ್ತದೆ, ಎರಡು ದಿನದ ಹೊತ್ತಿಗೆ ತುದಿ ಮುಟ್ಟುತ್ತದೆ. ತಯಾರಾಗುವುದು ನಿಂತರೆ ಸುಮಾರು 19 ಗಂಟೆಗೆ ಅರ್ಧ ಆಗುತ್ತದೆ. ಅದಕ್ಕೇ ಇದು ಬೇಗ ಇಳಿಯುತ್ತದೆ. ಹಾಳಾದ ಶ್ವಾಸಕೋಶ ಮಾತ್ರ 19 ಗಂಟೆಯಲ್ಲಿ ಸರಿಹೋಗುವುದಿಲ್ಲ. ಬೆಂಕಿ ಆರಿದ ಮೇಲೂ ಮನೆ ರಿಪೇರಿ ಆಗಬೇಕಲ್ಲ, ಹಾಗೆ.

ಫೆರಿಟಿನ್ ಕಬ್ಬಿಣದ ಅಂಶ ಇಟ್ಟುಕೊಳ್ಳುವ ಪ್ರೊಟೀನ್. ಸೋಂಕು ಬಂದಾಗ ಮೈ ಕಬ್ಬಿಣವನ್ನು ಒಳಗೆ ಬಚ್ಚಿಡುತ್ತದೆ, ಮ್ಯಾಕ್ರೋಫೇಜ್ ಮತ್ತು ಲಿವರ್‌ನಿಂದ ಫೆರಿಟಿನ್ ರಕ್ತಕ್ಕೆ ಬರುತ್ತದೆ. ಇದು ನಿಧಾನದ್ದು. ಶುಗರ್ ಇರುವವರಿಗೆ, ಫ್ಯಾಟಿ ಲಿವರ್ ಇರುವವರಿಗೆ, ದಿನಾ ಕುಡಿಯುವವರಿಗೆ ಆರೋಗ್ಯವಾಗಿದ್ದಾಗಲೂ ಸ್ವಲ್ಪ ಜಾಸ್ತಿ ಇರುವುದುಂಟು. 1,380 ಜೋರಾದ ಉರಿಯೂತವನ್ನು ತೋರಿಸುತ್ತದೆ, ನಿಜ. ಆದರೆ ಮ್ಯಾಕ್ರೋಫೇಜ್‌ಗಳು ಪೂರ್ತಿ ಹತೋಟಿ ತಪ್ಪಿ ತಮ್ಮದೇ ರಕ್ತಕಣಗಳನ್ನು ತಿನ್ನಲು ಶುರುಮಾಡುವ ಎಚ್‌ಎಲ್‌ಎಚ್ ಅನ್ನುವ ಕಾಯಿಲೆಯಲ್ಲಿ 10,000 ದಾಟುವುದೂ ಇದೆ, ಜೊತೆಗೆ ಪ್ಲೇಟ್‌ಲೆಟ್ ಬೀಳುತ್ತದೆ, ಹಿಮೋಗ್ಲೋಬಿನ್ ಬೀಳುತ್ತದೆ, ಗುಲ್ಮ ಊದಿಕೊಳ್ಳುತ್ತದೆ, ಜ್ವರ ಬಿಡುವುದೇ ಇಲ್ಲ. ಅತ್ತೆಯ ಮಗನಿಗೆ ಇದನ್ನು ಹೇಳಿ.

ರೋಬಸ್ಟಾ_ಸಿದ್ದಾಪುರ

ಡಾಕ್ಟ್ರೇ, ಒಂದು ಪ್ರಶ್ನೆ. ಪ್ರೊಕ್ಯಾಲ್ಸಿಟೋನಿನ್ 0.12 ಅಂದರೆ ಬ್ಯಾಕ್ಟೀರಿಯಾ ಇಲ್ಲ ಅಂತ ತಾನೇ ಅರ್ಥ? ಹಾಗಿದ್ದೂ ಆಂಟಿಬಯಾಟಿಕ್ ಇಂಜೆಕ್ಷನ್ ಕೊಡುತ್ತಾರಲ್ಲ ಯಾಕೆ? ನಮ್ಮ ಭಾವನಿಗೆ ಹೀಗೇ ಆಗಿತ್ತು, ಬಿಲ್ ಮಾತ್ರ ಬೆಳೆಯಿತು.

ಫಿಸಿಶಿಯನ್_ಕುಶಾಲನಗರ

ಒಳ್ಳೆಯ ಪ್ರಶ್ನೆ ಅಣ್ಣ. ಬ್ಯಾಕ್ಟೀರಿಯಾ ಸೋಂಕಿನಲ್ಲಿ ಮೈಯ ಬೇರೆಬೇರೆ ಅಂಗಾಂಶಗಳು ಪ್ರೊಕ್ಯಾಲ್ಸಿಟೋನಿನ್ ಬಿಡುತ್ತವೆ. ವೈರಸ್ ಸೋಂಕಿನಲ್ಲಿ ಇಂಟರ್‌ಫೆರಾನ್ ಗಾಮಾ ಅದನ್ನು ತಡೆಯುತ್ತದೆ. ಅದಕ್ಕೇ ವೈರಲ್ ನ್ಯುಮೋನಿಯಾದಲ್ಲಿ ಸಿಆರ್‌ಪಿ 140 ಇದ್ದೂ ಪ್ರೊಕ್ಯಾಲ್ಸಿಟೋನಿನ್ 0.12ರಲ್ಲಿ ಇರಬಹುದು. 0.25ರ ಕೆಳಗಿದ್ದರೆ ಬ್ಯಾಕ್ಟೀರಿಯಾ ಇರುವ ಸಾಧ್ಯತೆ ಕಮ್ಮಿ. ಕಮ್ಮಿ ಅಂದೆ, ಇಲ್ಲವೇ ಇಲ್ಲ ಅಂದಿಲ್ಲ. ಕಿಡ್ನಿ ಕೆಟ್ಟವರಲ್ಲಿ ಬ್ಯಾಕ್ಟೀರಿಯಾ ಇಲ್ಲದೆಯೂ ಏರಿರುತ್ತದೆ. ಮೈಕೋಪ್ಲಾಸ್ಮಾ ಥರದ ಕೆಲವು ರೋಗಾಣು ಇದ್ದಾಗ ಅಷ್ಟಾಗಿ ಏರುವುದಿಲ್ಲ.

ಆಕ್ಸಿಜನ್ ಬೇಕಾಗುವಷ್ಟು ನ್ಯುಮೋನಿಯಾ ಇದ್ದಾಗ ಈ ಒಂದು ಪರೀಕ್ಷೆ ನಂಬಿ ಆಂಟಿಬಯಾಟಿಕ್‌ನ ಮೊದಲ ಡೋಸ್ ತಡೆಯಬಾರದು. ಅಮೆರಿಕದ ಎದೆರೋಗ ತಜ್ಞರ ಮತ್ತು ಸೋಂಕುರೋಗ ತಜ್ಞರ ಸಂಘಗಳು 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಪ್ರೊಕ್ಯಾಲ್ಸಿಟೋನಿನ್ನಿನ ನಿಜವಾದ ಪ್ರಯೋಜನ ನಿಲ್ಲಿಸುವಾಗ. ಎರಡು ಮೂರು ದಿನ ಕಳೆದು ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆ) ಏನೂ ತೋರಿಸದೆ, ಇದೂ ಕೆಳಗೇ ಇದ್ದು, ರೋಗಿ ಚೇತರಿಸಿಕೊಳ್ಳುತ್ತಿದ್ದರೆ ಆಂಟಿಬಯಾಟಿಕ್ ಬೇಗ ನಿಲ್ಲಿಸಲು ಧೈರ್ಯ ಕೊಡುತ್ತದೆ. ನಿಮ್ಮ ಭಾವನ ವಿಷಯದಲ್ಲಿ ಎಷ್ಟು ದಿನ ಕೊಟ್ಟರು ಅನ್ನುವುದು ಕೇಳಬೇಕಾದ ಪ್ರಶ್ನೆ.

ಇನ್‌ಫ್ಲುಯೆಂಜಾದಲ್ಲಿ ಇನ್ನೊಂದು ಭಯ ಇದೆ. ಜ್ವರ ಬಿಟ್ಟು, ಒಂದೆರಡು ದಿನ ಆರಾಮಾಗಿ, ಮತ್ತೆ ಚಳಿ ಜ್ವರ, ಹಸಿರು ಇಲ್ಲಾ ಕಂದು ಕಫ ಶುರುವಾದರೆ ಅದು ವೈರಸ್ಸಿನ ಹಿಂದೆ ಬಂದ ಬ್ಯಾಕ್ಟೀರಿಯಾ. ಇಳಿಯುತ್ತಿದ್ದ ಸಿಆರ್‌ಪಿ ಮತ್ತೆ ಏರುತ್ತದೆ, 0.12 ಇದ್ದ ಪ್ರೊಕ್ಯಾಲ್ಸಿಟೋನಿನ್ 3, 4 ಆಗುತ್ತದೆ. 1918ರ ಮಹಾಜ್ವರದಲ್ಲಿ ಸತ್ತವರ ಶ್ವಾಸಕೋಶದ ಉಳಿಸಿಟ್ಟ ಮಾದರಿಗಳನ್ನು 2008ರಲ್ಲಿ ಮತ್ತೆ ಪರೀಕ್ಷಿಸಿ ವರದಿ ಮಾಡಿದರು. ಬಹುತೇಕ ಸಾವುಗಳಲ್ಲಿ ಈ ಎರಡನೇ ಸೋಂಕು ಇತ್ತು. ದಿನಬಿಟ್ಟು ದಿನ ಪರೀಕ್ಷೆ ಮಾಡಿಸುವುದಕ್ಕೆ ಅರ್ಥ ಇರುವುದು ಇಂಥ ತಿರುವನ್ನು ಹಿಡಿಯಲು.

ಪೊನ್ನಂಪೇಟೆ_ಅಮ್ಮ

2021ರ ಕೋವಿಡ್ ಸಮಯದಲ್ಲಿ ಎಲ್ಲರೂ ಐಎಲ್-6 ಮಾಡಿಸಿ ಅಂತ ಓಡಾಡುತ್ತಿದ್ದರು. ಐಎಲ್-6 ತಡೆಯುವ ಟೊಸಿಲಿಜುಮಾಬ್ ಇಂಜೆಕ್ಷನ್ನಿಗಾಗಿ ನಮ್ಮ ಪರಿಚಯದವರು ಬೆಂಗಳೂರಿನವರೆಗೂ ಹುಡುಕಿದರು. ಈಗ ಯಾರೂ ಆ ಪರೀಕ್ಷೆಯ ಹೆಸರೇ ಎತ್ತುವುದಿಲ್ಲ, ಯಾಕೆ?

ಫಿಸಿಶಿಯನ್_ಕುಶಾಲನಗರ

ಐಎಲ್-6 ರಕ್ತದಲ್ಲಿ ಗಂಟೆ ಗಂಟೆಗೂ ಏರಿಳಿಯುತ್ತದೆ, ಸ್ಯಾಂಪಲ್ಲನ್ನು ಬೇಗ ಬೇರ್ಪಡಿಸಿ ತಣ್ಣಗಿಡಬೇಕು, ದುಬಾರಿ ಬೇರೆ. ಅದರ ಕೆಲಸವನ್ನು ಸಿಆರ್‌ಪಿ ಹೇಗೂ ತೋರಿಸುತ್ತದೆ. ಕೋವಿಡ್ ಮದ್ದುಗಳನ್ನು ಪರೀಕ್ಷಿಸಿದ ಬ್ರಿಟನ್ನಿನ ರಿಕವರಿ ಟ್ರಯಲ್‌ನಲ್ಲಿ ಟೊಸಿಲಿಜುಮಾಬ್ ಯಾರಿಗೆ ಅಂತ ಆರಿಸುವಾಗ ಐಎಲ್-6 ನೋಡಲೇ ಇಲ್ಲ. ಸ್ಯಾಚುರೇಶನ್ 92ಕ್ಕಿಂತ ಕಮ್ಮಿ ಅಥವಾ ಆಕ್ಸಿಜನ್ ಮೇಲಿರಬೇಕು, ಜೊತೆಗೆ ಸಿಆರ್‌ಪಿ 75 ಅಥವಾ ಜಾಸ್ತಿ. ಇಷ್ಟೇ ಅಳತೆ. 28 ದಿನದಲ್ಲಿ ಸತ್ತವರು ಮದ್ದು ಸಿಕ್ಕವರಲ್ಲಿ ಶೇಕಡಾ 31, ಮಾಮೂಲಿ ಚಿಕಿತ್ಸೆಯವರಲ್ಲಿ ಶೇಕಡಾ 35. ಸಾಮಾನ್ಯ ಲ್ಯಾಬಿನಲ್ಲಿ ಆಗುವ ಪರೀಕ್ಷೆ, ಬೆರಳಿಗೆ ಹಾಕುವ ಆಕ್ಸಿಮೀಟರ್, ಇವೆರಡರಿಂದ ಇಷ್ಟು ಸಾಧಿಸಿದರು ಅನ್ನುವುದು ನನಗೆ ತುಂಬಾ ಇಷ್ಟವಾದ ಸಂಗತಿ. ಸಣ್ಣ ಊರಿನ ಆಸ್ಪತ್ರೆಗೂ ಇದು ಎಟುಕುತ್ತದೆ.

"ಸೈಟೋಕೈನ್ ಸ್ಟಾರ್ಮ್" ಅನ್ನುವ ಮಾತಿನಿಂದ ಜನ ಬಹಳ ಹೆದರಿದರು. ಆಮೇಲೆ ಅಳೆದು ನೋಡಿದಾಗ ತೀವ್ರ ಕೋವಿಡ್ ರೋಗಿಗಳಲ್ಲೂ ಐಎಲ್-6 ಬ್ಯಾಕ್ಟೀರಿಯಾದ ಸೆಪ್ಸಿಸ್‌ನಲ್ಲಿ ಇರುವುದಕ್ಕಿಂತ ಎಷ್ಟೋ ಕಮ್ಮಿ ಇತ್ತು.

ಮುಖ್ಯವಾದದ್ದು ಇನ್ನೊಂದಿದೆ. ಟೊಸಿಲಿಜುಮಾಬ್ ಐಎಲ್-6ರ ಬಾಗಿಲನ್ನೇ ಮುಚ್ಚುತ್ತದೆ. ಆಗ ಲಿವರ್ ಸಿಆರ್‌ಪಿ ತಯಾರಿಸುವುದು ನಿಲ್ಲಿಸುತ್ತದೆ, ಸಂಖ್ಯೆ ನೆಲ ಕಚ್ಚುತ್ತದೆ. ರೋಗಿಗೆ ಹೊಸದಾಗಿ ಬ್ಯಾಕ್ಟೀರಿಯಾ ಸೋಂಕು ಆಗಿದ್ದರೂ ಸಿಆರ್‌ಪಿ 5ರಲ್ಲೇ ಕೂತಿರಬಹುದು, ಜ್ವರವೂ ಬರದಿರಬಹುದು. ಆ ಮದ್ದು ಪಡೆದವರಲ್ಲಿ ಸಿಆರ್‌ಪಿ ನೋಡಿ ಸಮಾಧಾನ ಪಡಬಾರದು.

ಎಂಎಸ್ಸಿ_ಬಯೋಕೆಮ್

ಸರ್ ಹೇಳಿದ ಇಂಟರ್‌ಫೆರಾನ್ ವಿಷಯಕ್ಕೆ ಸ್ವಲ್ಪ ಸೇರಿಸುತ್ತೇನೆ, ನನಗೆ ಇಡೀ ಕೋವಿಡ್ ಸಂಶೋಧನೆಯಲ್ಲಿ ಇದಕ್ಕಿಂತ ಬೆರಗು ಹುಟ್ಟಿಸಿದ್ದು ಬೇರೆ ಇಲ್ಲ. 2020ರಲ್ಲಿ ಪ್ರಾಣಾಪಾಯದ ಕೋವಿಡ್ ನ್ಯುಮೋನಿಯಾ ಆಗಿದ್ದ 987 ರೋಗಿಗಳ ರಕ್ತ ನೋಡಿದರು. ಅವರಲ್ಲಿ 101 ಜನರಲ್ಲಿ ತಮ್ಮದೇ ಇಂಟರ್‌ಫೆರಾನ್ ಅನ್ನು ಹಿಡಿದು ನಿಷ್ಕ್ರಿಯ ಮಾಡುವ ಪ್ರತಿಕಾಯಗಳು ಸಿಕ್ಕವು. ಸೋಂಕಾದರೂ ಲಕ್ಷಣವೇ ಇಲ್ಲದವರಲ್ಲಿ, ಇಲ್ಲಾ ಸೌಮ್ಯವಾಗಿ ಮುಗಿದವರಲ್ಲಿ ಅವು ಸಿಗಲಿಲ್ಲ. ಆ 101ರಲ್ಲಿ 95 ಜನ ಗಂಡಸರು, ವಯಸ್ಸಾದವರೇ ಜಾಸ್ತಿ. ಅಂದರೆ ಈ ಜನರಲ್ಲಿ ಮೊದಲ ಕಾವಲೇ ಕಟ್ಟಿಹಾಕಿದ ಹಾಗೆ ಇತ್ತು, ವೈರಸ್ ಬರುವ ಮೊದಲೇ. ಆಮೇಲೆ ಪ್ರಾಣಾಪಾಯದ ಇನ್‌ಫ್ಲುಯೆಂಜಾ ನ್ಯುಮೋನಿಯಾ ರೋಗಿಗಳಲ್ಲೂ ನೋಡಿದಾಗ 100ರಲ್ಲಿ ಸುಮಾರು 5 ಜನರಲ್ಲಿ ಇದೇ ಸಿಕ್ಕಿತು.

ಹೊರಗಿನಿಂದ ನೋಡಿದರೆ ಇವರದೂ ಸಿಆರ್‌ಪಿ 150, ಪಕ್ಕದ ಹಾಸಿಗೆಯವರದೂ 150. ಒಳಗೆ ನಡೆದ ಕಥೆ ಬೇರೆ. ಒಬ್ಬರಲ್ಲಿ ಮೊದಲ ಹಂತವೇ ಸೋತಿದೆ, ಇನ್ನೊಬ್ಬರಲ್ಲಿ ಎರಡನೇ ಹಂತ ಅತಿಯಾಗಿದೆ. ಮೂರನೇ ಥರದವರೂ ಇದ್ದಾರೆ. ಬಹಳ ದಿನ ಐಸಿಯುನಲ್ಲಿದ್ದು ರೋಗನಿರೋಧಕ ಶಕ್ತಿಯೇ ದಣಿದುಹೋದವರು. ಅವರ ಮೋನೋಸೈಟ್ ಕಣಗಳ ಮೇಲೆ ಎಚ್‌ಎಲ್‌ಎ-ಡಿಆರ್ ಅನ್ನುವ ಗುರುತು ಕಮ್ಮಿಯಾಗಿರುತ್ತದೆ, ಅದು ನಮ್ಮ ಕಡೆ ದಿನನಿತ್ಯ ಮಾಡುವ ಪರೀಕ್ಷೆ ಅಲ್ಲ. ಹಾಗಾಗಿ ಎಲ್ಲರಿಗೂ ಒಂದೇ ಮದ್ದು ಅನ್ನುವುದು ಸರಿಹೋಗುವುದಿಲ್ಲ.

ಹಾರಂಗಿ_ಕಡೆಯವ

ಇಷ್ಟೆಲ್ಲಾ ಓದಿದ ಮೇಲೆ ನನ್ನ ಪ್ರಶ್ನೆ ಸರಳ. ಜ್ವರ ಕೆಮ್ಮು ಬಂದಾಗ ಇಲ್ಲೇ ಸಿಆರ್‌ಪಿ ಮಾಡಿಸಿ, 40, 50 ಬಂದರೆ ಮೆಡಿಕಲ್ ಶಾಪಿನಿಂದ ಸ್ಟೀರಾಯ್ಡ್ ಮಾತ್ರೆ ತಗೊಂಡರೆ ಆಯ್ತಲ್ಲ? ಉರಿಯೂತ ಕಮ್ಮಿ ಮಾಡೋದು ತಾನೇ ಅದರ ಕೆಲಸ? ನಮ್ಮ ಪಕ್ಕದ ತೋಟದವರು ಹಾಗೇ ಮಾಡಿ ಎರಡೇ ದಿನದಲ್ಲಿ ಎದ್ದು ಓಡಾಡಿದರು.

ಫಿಸಿಶಿಯನ್_ಕುಶಾಲನಗರ

ದಯವಿಟ್ಟು ಬೇಡ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ.

ಅದೇ ರಿಕವರಿ ಟ್ರಯಲ್, 2020. ಕೋವಿಡ್ ರೋಗಿಗಳಿಗೆ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್, ಹೆಚ್ಚೆಂದರೆ 10 ದಿನ. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಶೇಕಡಾ 41.4 ಇದ್ದದ್ದು 29.3ಕ್ಕೆ ಇಳಿಯಿತು. ಬರೀ ಆಕ್ಸಿಜನ್ ಮೇಲಿದ್ದವರಲ್ಲಿ 26.2ರಿಂದ 23.3ಕ್ಕೆ. ಆಕ್ಸಿಜನ್ನೇ ಬೇಕಿಲ್ಲದವರಲ್ಲಿ? ಮದ್ದು ಸಿಕ್ಕವರಲ್ಲಿ 17.8, ಸಿಗದವರಲ್ಲಿ 14.0. ಅವರಿಗೆ ಏನೂ ಲಾಭ ಆಗಲಿಲ್ಲ, ತೊಂದರೆ ಆಗಿರಲೂಬಹುದು. ಒಂದೇ ಮದ್ದು, ಒಂದೇ ರೋಗ. ಕೊಟ್ಟ ಹಂತ ಬೇರೆ ಅಷ್ಟೇ. ವೈರಸ್ ಇನ್ನೂ ಬೆಳೆಯುತ್ತಿರುವ ಹಂತದಲ್ಲಿ ಸ್ಟೀರಾಯ್ಡ್ ಕೊಟ್ಟರೆ ಮೈಯ ಕೈ ಕಟ್ಟಿಹಾಕಿದ ಹಾಗಾಗುತ್ತದೆ.

ಇನ್‌ಫ್ಲುಯೆಂಜಾದಲ್ಲಿ ಇನ್ನೂ ಹುಷಾರಾಗಿರಬೇಕು. ಅಲ್ಲಿ ಸ್ಟೀರಾಯ್ಡ್ ಪಡೆದವರಲ್ಲಿ ಸಾವು ಜಾಸ್ತಿ ಕಂಡಿದೆ, ಹಾಗಾಗಿ ಆಸ್ತಮಾ ಅಥವಾ ಬೇರೆ ಕಾರಣ ಇಲ್ಲದೆ ಕೊಡುವುದಿಲ್ಲ. ತೀವ್ರ ನ್ಯುಮೋನಿಯಾದಲ್ಲಿ ಹೈಡ್ರೋಕಾರ್ಟಿಸೋನ್ ಅನ್ನುವ ಸ್ಟೀರಾಯ್ಡ್ ಜೀವ ಉಳಿಸುತ್ತದೆ ಅಂತ 2023ರಲ್ಲಿ ಫ್ರಾನ್ಸಿನಿಂದ ಬಂದ ದೊಡ್ಡ ಟ್ರಯಲ್ ಕೂಡ ಇನ್‌ಫ್ಲುಯೆಂಜಾ ರೋಗಿಗಳನ್ನು ಹೊರಗಿಟ್ಟೇ ಮಾಡಿದ್ದು. ಇನ್‌ಫ್ಲುಯೆಂಜಾಗೆ ಬೇಕಾದದ್ದು ಒಸೆಲ್ಟಾಮಿವಿರ್ ಅನ್ನುವ ವೈರಸ್ ತಡೆಯುವ ಮದ್ದು, ಸಾಧ್ಯವಾದಷ್ಟು ಬೇಗ. ಲಕ್ಷಣ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಒಳ್ಳೆಯದು, ತಡವಾಗಿದ್ದರೂ ಆಸ್ಪತ್ರೆ ಸೇರಿದವರಿಗೆ ಕೊಡುತ್ತಾರೆ.

ಇನ್ನು ಪಕ್ಕದ ತೋಟದವರು. ಸ್ಟೀರಾಯ್ಡ್ ತಗೊಂಡರೆ ಜ್ವರ ಬಿಡುತ್ತದೆ, ಹಸಿವಾಗುತ್ತದೆ, ಸಿಆರ್‌ಪಿ ಇಳಿಯುತ್ತದೆ. ಗುಣವಾದ ಹಾಗೇ ಕಾಣುತ್ತದೆ. ಒಳಗೆ ಶ್ವಾಸಕೋಶದಲ್ಲಿ ಏನಾಗುತ್ತಿದೆ ಅನ್ನುವುದು ಮುಚ್ಚಿಹೋಗುತ್ತದೆ. ಶುಗರ್ ಇದ್ದವರಿಗೆ ಶುಗರ್ ಏರುತ್ತದೆ. 2021ರಲ್ಲಿ ಕಪ್ಪು ಶಿಲೀಂಧ್ರದ ಕಾಯಿಲೆ ದೇಶದಲ್ಲೆಲ್ಲಾ ಹಬ್ಬಿದಾಗ ಹತೋಟಿ ತಪ್ಪಿದ ಶುಗರ್ ಮತ್ತು ಬೇಕಾಬಿಟ್ಟಿ ಸ್ಟೀರಾಯ್ಡ್ ಎರಡೂ ಅದರ ಹಿಂದಿದ್ದವು. ಕಣ್ಣು ಕಳೆದುಕೊಂಡವರು, ದವಡೆ ಕಳೆದುಕೊಂಡವರು ನಮ್ಮ ನಡುವೆಯೇ ಇದ್ದಾರೆ.

ಲ್ಯಾಬ್_ಮಡಿಕೇರಿ

ಇದಕ್ಕೆ ನಾನೂ ಒಂದು ಮಾತು ಸೇರಿಸಬೇಕು. ಸ್ಟೀರಾಯ್ಡ್ ತಗೊಂಡವರ ರಕ್ತ ಎಣಿಸಿದರೆ ನ್ಯೂಟ್ರೋಫಿಲ್ ಏರಿರುತ್ತದೆ, ಲಿಂಫೋಸೈಟ್ ಇಳಿದಿರುತ್ತದೆ. ಈಗ ಎಲ್ಲರೂ ಎನ್‌ಎಲ್‌ಆರ್ ಲೆಕ್ಕ ಹಾಕುತ್ತಾರೆ, ನ್ಯೂಟ್ರೋಫಿಲ್ಲನ್ನು ಲಿಂಫೋಸೈಟ್‌ನಿಂದ ಭಾಗಿಸುವುದು. ನ್ಯೂಟ್ರೋಫಿಲ್ ಶೇಕಡಾ 86, ಲಿಂಫೋಸೈಟ್ ಶೇಕಡಾ 9 ಇದ್ದರೆ ಸುಮಾರು 9.6. ರೋಗ ಜೋರಾದಷ್ಟೂ ಇದು ಏರುತ್ತದೆ ಅನ್ನುವುದು ಸರಿ. ಆದರೆ ಸ್ಟೀರಾಯ್ಡ್‌ನಿಂದಲೇ ಏರಿದೆಯೋ ರೋಗದಿಂದ ಏರಿದೆಯೋ ಅಂತ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಮೊದಲು ಏನು ಮಾತ್ರೆ ತಗೊಂಡಿದ್ದೀರಿ ಅಂತ ಕೇಳಿದರೆ ಬಹಳ ಜನ ಹೇಳುವುದೇ ಇಲ್ಲ. ಬೈತಾರೆ ಅಂತ ಹೆದರಿಕೆ. ನಾವು ಬೈಯುವುದಿಲ್ಲ, ಹೇಳಿ.

ರೋಬಸ್ಟಾ_ಸಿದ್ದಾಪುರ

ನಮ್ಮಲ್ಲಿ ಕುಯ್ಲು ಸಮಯದಲ್ಲಿ ಲೈನ್ ಮನೆಗಳಲ್ಲಿ ಒಬ್ಬರಿಗೆ ಜ್ವರ ಬಂದರೆ ಎಲ್ಲರಿಗೂ ಬರುತ್ತದೆ. ಕೂಲಿ ತಪ್ಪುತ್ತದೆ ಅಂತ ಯಾರೂ ಹೇಳುವುದಿಲ್ಲ. ಡೋಲೋ ನುಂಗಿ ಕೆಲಸಕ್ಕೆ ಬರುತ್ತಾರೆ. ಅವರಿಗೆ ಫೆರಿಟಿನ್ ಎಲ್ಲಾ ಮಾಡಿಸಲು ಎಲ್ಲಿ ಆಗುತ್ತದೆ? ಯಾರನ್ನು ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು ಅಂತ ಗೊತ್ತಾಗುವ ಸುಲಭ ದಾರಿ ಇದೆಯಾ?

ನರ್ಸ್_ವಿರಾಜಪೇಟೆ

ಇದೆ ಅಣ್ಣ, ಖರ್ಚೂ ಇಲ್ಲ. ಕೂರಿಸಿ, ಮಾತಾಡಿಸದೆ, ಅವರಿಗೆ ಗೊತ್ತಾಗದ ಹಾಗೆ ಎದೆ ಏರುವುದನ್ನು ಒಂದು ನಿಮಿಷ ಪೂರ್ತಿ ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಡಿ, ತಪ್ಪುತ್ತದೆ. ದೊಡ್ಡವರಲ್ಲಿ 12ರಿಂದ 20 ಸರಿ. 24 ದಾಟಿದರೆ ತೋರಿಸಲೇಬೇಕು. 30 ಮುಟ್ಟಿದರೆ ಗಾಡಿ ತೆಗೆಯಿರಿ.

ಆಕ್ಸಿಮೀಟರ್ ಒಂದು ತೋಟದಲ್ಲಿ ಇಟ್ಟುಕೊಳ್ಳಿ. ಮಳೆಯಲ್ಲಿ ನೆನೆದು ಬಂದ ತಣ್ಣನೆ ಬೆರಳಿಗೆ ಹಾಕಿದರೆ 88, 85 ಅಂತ ಏನೇನೋ ತೋರಿಸುತ್ತದೆ. ಕೈ ಉಜ್ಜಿ ಬೆಚ್ಚಗೆ ಮಾಡಿ, ಮದರಂಗಿ, ನೈಲ್ ಪಾಲಿಶ್ ಇಲ್ಲದ ಬೆರಳು ನೋಡಿ, ನಾಡಿಯ ಅಂಕಿ ಒಂದೇ ಕಡೆ ನಿಲ್ಲುವವರೆಗೆ ಕಾಯಿರಿ. ಕಪ್ಪು ಚರ್ಮದವರಲ್ಲಿ ಇರುವುದಕ್ಕಿಂತ ಸ್ವಲ್ಪ ಜಾಸ್ತಿ ತೋರಿಸುವುದುಂಟು ಅಂತ ಅಮೆರಿಕದಲ್ಲಿ ಮಾಡಿದ ಅಧ್ಯಯನ 2020ರಲ್ಲಿ ಬಂದಿದೆ, ಹಾಗಾಗಿ 94 ಬಂದಿತು ಅಂತ ಪೂರ್ತಿ ನಿರಾಳ ಆಗಬೇಡಿ. ಕೂತಾಗ 96 ಇದ್ದು ಅಂಗಳದಲ್ಲಿ ನಾಲ್ಕು ಸುತ್ತು ನಡೆದ ಮೇಲೆ 91ಕ್ಕೆ ಬಿದ್ದರೆ ಅದೂ ಕೆಟ್ಟದ್ದೇ. ಬಸುರಿಯರು, ಶುಗರ್ ಇರುವವರು, ತುಂಬಾ ದಪ್ಪ ಇರುವವರು, 65 ದಾಟಿದವರು, ಇವರನ್ನು ಕಾಯಿಸಬೇಡಿ. 2009ರ ಎಚ್1ಎನ್1ನಲ್ಲಿ ಬಸುರಿಯರು ಎಷ್ಟು ಕಷ್ಟಪಟ್ಟರು ಅಂತ ಆಗ ಕೆಲಸದಲ್ಲಿದ್ದ ನಮ್ಮ ಹಿರಿಯ ಸಿಸ್ಟರ್‌ಗಳು ಈಗಲೂ ಹೇಳುತ್ತಾರೆ.

ಫಿಸಿಶಿಯನ್_ಕುಶಾಲನಗರ

ಇದಕ್ಕೆ ಬೆಲೆ ಕಟ್ಟಲು ಆಗುವುದಿಲ್ಲ ಮೇಡಂ. ಆಸ್ಪತ್ರೆ ಸೇರಿದ ಕೋವಿಡ್ ರೋಗಿಗೆ ಸಾವಿನ ಅಪಾಯ ಎಷ್ಟು ಅಂತ ಅಂದಾಜಿಸಲು ಬ್ರಿಟನ್ನಿನಲ್ಲಿ ಮಾಡಿದ 4ಸಿ ಸ್ಕೋರ್ ನೋಡಿ. ಅದರಲ್ಲಿ ಎಂಟು ಅಂಶ ಇವೆ. ವಯಸ್ಸು, ಗಂಡೋ ಹೆಣ್ಣೋ, ಬೇರೆ ಕಾಯಿಲೆ ಎಷ್ಟಿವೆ, ಉಸಿರಿನ ವೇಗ, ಸ್ಯಾಚುರೇಶನ್, ಪ್ರಜ್ಞೆ, ಯೂರಿಯಾ, ಸಿಆರ್‌ಪಿ. ರಕ್ತದ ಪರೀಕ್ಷೆ ಎರಡೇ, ಅವೂ ಅಗ್ಗದವು. ಫೆರಿಟಿನ್ ಇಲ್ಲ, ಡಿ-ಡೈಮರ್ ಇಲ್ಲ, ಐಎಲ್-6 ಇಲ್ಲ.

ತೋಟದವರಿಗೆ ಒಂದು ವಿಷಯ ಬಿಡಿಸಿ ಹೇಳಬೇಕು. ನಮ್ಮ ಕಡೆ ಮಳೆಗಾಲದಲ್ಲಿ, ಗದ್ದೆ ಕೆಲಸ ಮಾಡಿದವರಿಗೆ ಜ್ವರ, ಕೆಮ್ಮು, ಏದುಸಿರು ಬಂದು ಸಿಆರ್‌ಪಿ 200 ಅಂತ ಬಂದರೆ ವೈರಲ್ ನ್ಯುಮೋನಿಯಾ ಅಂತ ಒಂದೇ ಏಟಿಗೆ ತೀರ್ಮಾನಿಸಬೇಡಿ. ಇಲಿಜ್ವರ ಶ್ವಾಸಕೋಶಕ್ಕೆ ಇಳಿದು ರಕ್ತ ಕೆಮ್ಮುವ ಹಾಗೆ ಮಾಡುತ್ತದೆ. ಅದರಲ್ಲಿ ಮೀನಖಂಡ ಮುಟ್ಟಿದರೆ ನೋವು, ಕಣ್ಣು ಕೆಂಪು, ಕಾಮಾಲೆ, ಪ್ಲೇಟ್‌ಲೆಟ್ ಇಳಿದಿರುತ್ತದೆ, ಕ್ರಿಯಾಟಿನಿನ್ ಏರಿರುತ್ತದೆ. ಪ್ರೊಕ್ಯಾಲ್ಸಿಟೋನಿನ್ನೂ ಏರುವುದುಂಟು. ಸಣ್ಣ ಹುಳ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರ ಆದರೆ ಕಂಕುಳಲ್ಲೋ ತೊಡೆಸಂದಿಯಲ್ಲೋ ಕಪ್ಪು ಹಕ್ಕಳೆ ಕಟ್ಟಿದ ಸಣ್ಣ ಗಾಯ ಇರುವುದುಂಟು, ಬಟ್ಟೆ ಸರಿಸಿ ನೋಡದಿದ್ದರೆ ಕಾಣುವುದೇ ಇಲ್ಲ. ಇವೆರಡಕ್ಕೂ ಡಾಕ್ಸಿಸೈಕ್ಲಿನ್ ಅನ್ನುವ ಹಳೆಯ, ಅಗ್ಗದ ಮದ್ದು ಕೆಲಸ ಮಾಡುತ್ತದೆ. ಅದನ್ನು ತಡಮಾಡಿದರೆ ಜೀವಕ್ಕೇ ಸಂಚಕಾರ. ಯಾವ ಗದ್ದೆಯಲ್ಲಿ ಕೆಲಸ ಮಾಡಿದಿರಿ, ಕಾಲಿಗೆ ಗಾಯ ಇತ್ತಾ ಅಂತ ಕೇಳುವುದರಿಂದ ಗೊತ್ತಾಗುವಷ್ಟು ಫೆರಿಟಿನ್ನಿನಿಂದ ಗೊತ್ತಾಗುವುದಿಲ್ಲ. ಫೆರಿಟಿನ್ ಡೆಂಗಿಯಲ್ಲೂ ಏರುತ್ತದೆ, ಇಲಿಜ್ವರದಲ್ಲೂ ಏರುತ್ತದೆ.

ಪೊನ್ನಂಪೇಟೆ_ಅಮ್ಮ

ಡಿ-ಡೈಮರ್ ಏನು ತೋರಿಸುತ್ತದೆ ಅಂತ ಯಾರೂ ಹೇಳಲಿಲ್ಲ. 0.9 ಅಂದರೆ ರಕ್ತ ಹೆಪ್ಪುಗಟ್ಟಿದೆಯಾ?

ಫಿಸಿಶಿಯನ್_ಕುಶಾಲನಗರ

ಹೆಪ್ಪು ಕರಗುವಾಗ ಬರುವ ಚೂರುಗಳೇ ಡಿ-ಡೈಮರ್. ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಉರಿಯೂತ ಆದಾಗ ಅಲ್ಲೇ ಸಣ್ಣ ಸಣ್ಣ ಹೆಪ್ಪು ಕಟ್ಟಿ ಕರಗುತ್ತಿರುತ್ತವೆ, ಅದಕ್ಕೆ ಏರುತ್ತದೆ. ಮಾಮೂಲಿ ಮಿತಿ 0.5, ಆದರೆ ವಯಸ್ಸಾದಂತೆ, ಬಸುರಿಯಲ್ಲಿ, ಆಪರೇಷನ್ ಆದ ಮೇಲೆ ತಾನಾಗೇ ಜಾಸ್ತಿ ಇರುತ್ತದೆ. 61ರ ವಯಸ್ಸಿನಲ್ಲಿ, ನ್ಯುಮೋನಿಯಾ ಇರುವಾಗ 0.9 ಬಂದರೆ ನನಗೆ ಆಶ್ಚರ್ಯವಿಲ್ಲ. 0.9 ಇದ್ದದ್ದು ಇದ್ದಕ್ಕಿದ್ದಂತೆ 5, 6 ಆಗಿ, ಜೊತೆಗೆ ಆಕ್ಸಿಜನ್ ಜಾಸ್ತಿ ಬೇಕಾಗಿ, ಒಂದು ಕಾಲು ಊದಿಕೊಂಡರೆ ಹೆಪ್ಪು ಹುಡುಕಬೇಕು, ಸಿಟಿ ಆಂಜಿಯೋ ಮಾಡಬೇಕು. ಮಂಚದ ಮೇಲೇ ಇರುವವರಿಗೆ ಹೆಪ್ಪು ಕಟ್ಟದಿರಲು ಸಣ್ಣ ಪ್ರಮಾಣದ ಹೆಪಾರಿನ್ ಹೇಗೂ ಕೊಡುತ್ತಿರುತ್ತಾರೆ. ಮನೆಗೆ ಬಂದ ಮೇಲೆ ಡಿ-ಡೈಮರ್ ಇನ್ನೂ ಇಳಿದಿಲ್ಲ ಅಂತ ಸ್ವಂತವಾಗಿ ರಕ್ತ ತೆಳು ಮಾಡುವ ಮಾತ್ರೆ ನುಂಗುವವರನ್ನು ನೋಡಿದ್ದೇನೆ. ಹಾಗೆ ಮಾಡಿ ಹೊಟ್ಟೆಯೊಳಗೆ ರಕ್ತಸ್ರಾವ ಆದರೆ ಅದು ಇನ್ನೊಂದು ಆಪತ್ತು.

ತೋಟದಮನೆ_ಸೋಮವಾರಪೇಟೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇದನ್ನೆಲ್ಲಾ ಗುಂಪಿಗೆ ಹಾಕಿದೆ. ಅಣ್ಣ ಇವತ್ತು ರೌಂಡ್ಸ್‌ನಲ್ಲಿ "ಆಕ್ಸಿಜನ್ ನಿನ್ನೆಗಿಂತ ಎಷ್ಟು ಕಮ್ಮಿ ಆಯ್ತು, ಆಂಟಿಬಯಾಟಿಕ್ ಎಂದಿಗೆ ನಿಲ್ಲಿಸುತ್ತೀರಿ, ಸ್ಟೀರಾಯ್ಡ್ ಕೊಡುತ್ತಿದ್ದೀರಾ" ಅಂತ ಮೂರು ಪ್ರಶ್ನೆ ಕೇಳಿದನಂತೆ. ಡಾಕ್ಟರ್ ನಿಂತು ಸಮಾಧಾನವಾಗಿ ಉತ್ತರ ಕೊಟ್ಟರಂತೆ. ಸ್ಟೀರಾಯ್ಡ್ ಇಲ್ಲ, ಒಸೆಲ್ಟಾಮಿವಿರ್ ನಡೀತಾ ಇದೆ, ಫೆರಿಟಿನ್ ಇನ್ನು ಕಳಿಸುವುದಿಲ್ಲ ಅಂದರಂತೆ.

ನಾಪೋಕ್ಲು_ಓದುಗ

ಕೊನೆಯದಾಗಿ ಒಂದು. ಇಲ್ಲಿಂದ ಮೈಸೂರಿಗೋ ಮಂಗಳೂರಿಗೋ ರೋಗಿಯನ್ನು ಕಳಿಸುವಾಗ ಜೊತೆಗೆ ಏನೇನು ಕಳಿಸಬೇಕು? ಅಪ್ಪನಿಗೆ ಆದಾಗ ಅಲ್ಲಿ ಹೋಗಿ ಎಲ್ಲಾ ಪರೀಕ್ಷೆ ಮತ್ತೆ ಮಾಡಿಸಿದರು.

ಲ್ಯಾಬ್_ಮಡಿಕೇರಿ

ರಿಪೋರ್ಟಿನ ಮೂಲ ಪ್ರತಿ ಕಳಿಸಿ, ಫೋಟೋ ಸಾಲುವುದಿಲ್ಲ. ಫೋಟೋನೇ ಕಳಿಸುವುದಾದರೆ ಯೂನಿಟ್, ಮಿತಿ, ಸ್ಯಾಂಪಲ್ ತೆಗೆದ ಹೊತ್ತು ಮೂರೂ ಕಾಣುವ ಹಾಗೆ ಇಡೀ ಹಾಳೆ ತೆಗೆಯಿರಿ. ಪ್ರಿಂಟ್ ಆದ ಹೊತ್ತಲ್ಲ, ರಕ್ತ ತೆಗೆದ ಹೊತ್ತು. ಬೆಳಿಗ್ಗೆ 6ಕ್ಕೆ ತೆಗೆದ ರಕ್ತದ ಸಿಆರ್‌ಪಿಗೂ ರಾತ್ರಿ ಅಲ್ಲಿ ತಲುಪಿದ ಮೇಲೆ ತೆಗೆದದ್ದಕ್ಕೂ ಹೋಲಿಸುವಾಗ ಆ ಗಂಟೆಗಳ ಲೆಕ್ಕ ಬೇಕಾಗುತ್ತದೆ.

ನರ್ಸ್_ವಿರಾಜಪೇಟೆ

ಒಂದು ಬಿಳಿ ಹಾಳೆಯಲ್ಲಿ ಜ್ವರ ಶುರುವಾದ ದಿನ, ಕೊಟ್ಟ ಮದ್ದುಗಳು ಮತ್ತು ಕೊಟ್ಟ ಸಮಯ, ಮೆಡಿಕಲ್ ಶಾಪಿನಿಂದ ತಗೊಂಡದ್ದೂ ಸೇರಿಸಿ ಬರೆಯಿರಿ. ಮಾತ್ರೆಯ ಹೆಸರು ಗೊತ್ತಿಲ್ಲದಿದ್ದರೆ ಖಾಲಿ ಸ್ಟ್ರಿಪ್ ಚೀಲಕ್ಕೆ ಹಾಕಿ ಕಳಿಸಿ. ಹೊರಡುವಾಗ ಉಸಿರು ಎಷ್ಟು, ಆಕ್ಸಿಜನ್ ಎಷ್ಟು ಲೀಟರಿನಲ್ಲಿ ಸ್ಯಾಚುರೇಶನ್ ಎಷ್ಟು ಅಂತಲೂ ಬರೆಯಿರಿ. ದಾರಿ ಉದ್ದ, ಸಂಪಾಜೆ ಕಡೆ ಮಳೆಗಾಲದಲ್ಲಿ ಮಣ್ಣು ಕುಸಿದರೆ ಇನ್ನೂ ಉದ್ದ. ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆ ಅಂತ ಆಂಬುಲೆನ್ಸ್ ಹೊರಡುವ ಮೊದಲೇ ಡ್ರೈವರನ್ನು ಕೇಳಿ, ಇನ್ನೊಂದು ಹಾಕಿಸಿಕೊಳ್ಳಿ.